ಪಾಪು ಉಯ್ಯಾಲೆ: ಸಿಲ್ವರ್ ಓಕ್ ನೆಡಬೇಡ, ಪೈಪ್ ತಗೊ

ತಮ್ಮ, ನಿನ್ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ, ಬಾಯಲ್ಲೇ ಹೇಳ್ತೀನಿ, ಫೋನೇ ಬರ್ಕೊಳ್ಳುತ್ತೆ. ಅಕ್ಷರ ತಪ್ಪಿದ್ರೆ ನೀನೇ ಸರಿ ಮಾಡ್ಕೊ. ನೀನ್ ಕೇಳಿರೋದು ಏನು, ಮೂಡಿಗೆರೆ ಮನೆ ಹಿತ್ತಲಲ್ಲಿ 3 ವರ್ಷದ ಪಾಪುಗೆ ಒಂದು ಉಯ್ಯಾಲೆ, ಪಕ್ಕದಲ್ಲಿ ಚಿಕ್ಕದೊಂದು ಜಾರುಬಂಡೆ. ತೋಟದಲ್ಲಿ ಕಡಿದಿರೋ ಸಿಲ್ವರ್ ಓಕ್ ಬಿದ್ದಿದೆ, ಅದನ್ನೇ ನೆಟ್ರೆ ಆಗಲ್ವಾ ಅಂತ. ದೊಡ್ಡಮ್ಮ ನಿನ್ ಮೆಸೇಜ್ ಕೆಳಗೇ ಮಾವಿನ ಕೊಂಬೆಗೆ ಹಗ್ಗ ಕಟ್ಟಿದ್ರೆ ಮುಗೀತು ಅಂತ ಹಾಕಿದಾರೆ.

ಸಿಲ್ವರ್ ಓಕ್ ಬೇಡ. ಕಾಫಿಗೆ ನೆರಳು ಕೊಡಕ್ಕೆ, ಮೆಣಸು ಹಬ್ಬಿಸಕ್ಕೆ ಅದರಷ್ಟು ಒಳ್ಳೆ ಮರ ಇಲ್ಲ, ಆದ್ರೆ ಕಡಿದು ಮಣ್ಣಲ್ಲಿ ಹೂತ್ರೆ ಗೆದ್ದಲು ಬಿಡಲ್ಲ. ಮೇಲೆ ಗಟ್ಟಿಯಾಗೇ ಕಾಣುತ್ತೆ, ನೆಲದ ಮಟ್ಟದಲ್ಲಿ ಒಳಗೊಳಗೆ ಟೊಳ್ಳಾಗಿರುತ್ತೆ. ಅದೇ ಅಪಾಯ, ಮುರಿಯೋ ದಿನದವರೆಗೂ ಗೊತ್ತಾಗಲ್ಲ. ವೇಸ್ಟ್ ಆಯಿಲ್ ಬಳಿತೀನಿ ಅಂತೀಯ, ಅದೂ ಬೇಡ. ಬೇಲಿ ಗೂಟಕ್ಕೆ ಸರಿ, ಮಗು ಕೈ ಹಾಕಿ ಅದೇ ಕೈ ಬಾಯಿಗಿಡೋ ಜಾಗಕ್ಕಲ್ಲ. ದೊಡ್ಡಮ್ಮ, ಮಾವಿನ ಕೊಂಬೆ ತಪ್ಪು ಅಂತಲ್ಲ. ಆದ್ರೆ ಹಗ್ಗ ಉಜ್ಜಿ ಉಜ್ಜಿ ಕೊಂಬೆ ಸಿಪ್ಪೆ ಕಿತ್ತೋಗುತ್ತೆ, ಹಗ್ಗಾನೂ ಅಲ್ಲೇ ಸವೆಯುತ್ತೆ. ಆ ಹಳದಿ ಪ್ಲಾಸ್ಟಿಕ್ ಹಗ್ಗವಂತೂ ಬಿಸಿಲಿಗೆ ಪುಡಿಪುಡಿ ಆಗುತ್ತೆ.

ಜಿಐ ಪೈಪ್ ತಗೊ, ಅಂದ್ರೆ ಸತು ಲೇಪಿಸಿರೋ ಕಬ್ಬಿಣದ ಪೈಪ್. 2 ಇಂಚು, ಬಿ ಕ್ಲಾಸ್. ಪೈಪ್ ಮೇಲೆ ನೀಲಿ ಪಟ್ಟಿ ಇರುತ್ತೆ. ಹಳದಿ ಪಟ್ಟಿ ಇದ್ರೆ ಅದು ಎ ಕ್ಲಾಸ್, ತೆಳು, ಬೇಡ. ಅಂಗಡೀಲಿ ಒಂದೂವರೆ ಇಂಚೇ ಸಾಕು ಅಂದ್ರೆ ಕೇಳ್ಬೇಡ. ಪಾಪು ತೂಕಕ್ಕೆ ಲೆಕ್ಕ ಹಾಕೋದಲ್ಲ ಕಣೊ, ಸಂಜೆ ಹೊತ್ತು ದೊಡ್ಡೋರೂ ಕೂತೇ ಕೂರ್ತಾರೆ. ತೂಗಿ ಚೆನ್ನಾಗಿ ಮೇಲೆ ಹೋಗಿ ಕೆಳಗೆ ಬರುವಾಗ ಸರಪಳಿ ಮೇಲೆ ಮೈತೂಕದ ಎರಡರಷ್ಟು ಎಳೆತ ಬೀಳುತ್ತೆ. 70 ಕೆಜಿ ಆಸಾಮಿ ಕೂತ್ರೆ ಅಡ್ಡಪೈಪಿಗೆ 140 ಕೆಜಿ. 8 ಅಡಿ ಉದ್ದಕ್ಕೆ ಒಂದೂವರೆ ಇಂಚಿನದು ನಿಧಾನಕ್ಕೆ ಬಾಗಬಹುದು.

ಮೂರು ಪೈಪ್ ಸಾಕು. ಒಂದೊಂದು 6 ಮೀಟರ್ ಬರುತ್ತೆ, ಹತ್ತಿರ ಹತ್ತಿರ 30 ಕೆಜಿ ತೂಗುತ್ತೆ. ಎರಡು ಪೈಪನ್ನ ಸರಿ ಅರ್ಧಕ್ಕೆ ಕತ್ತರಿಸಿದ್ರೆ ನಾಲ್ಕು ಕಾಲು ಬಂತು, ಒಂದೊಂದು 9 ಅಡಿ 10 ಇಂಚು. ಮೂರನೇದ್ರಲ್ಲಿ 8 ಅಡಿ ಅಡ್ಡಪೈಪ್, ಉಳಿದಿದ್ರಲ್ಲಿ 3 ಅಡಿದು ಎರಡು, ಅದು ಆ ಕಡೆ ಈ ಕಡೆ ಕಾಲುಗಳನ್ನ ಹಿಡಿಯೋ ಪಟ್ಟಿ, ನೆಲದಿಂದ 3 ಅಡಿ ಮೇಲೆ ಬರುತ್ತೆ. ಕಾಲು ನೆಲದ ಮಟ್ಟದಲ್ಲಿ 5 ಅಡಿ ಅಗಲಿಸಿ ನಿಲ್ಸು. ಅಡ್ಡಪೈಪ್ 7 ಅಡಿ ಎತ್ತರಕ್ಕೆ ಬರುತ್ತೆ, ಕಾಲು ಎರಡೂಕಾಲು ಅಡಿ ಮಣ್ಣೊಳಗೆ ಹೋಗುತ್ತೆ. ಪೈಪಿನ ಮೇಲಿನ ಬಾಯಿಗಳನ್ನೆಲ್ಲ ಮುಚ್ಚಿಸು, ಇಲ್ದಿದ್ರೆ ಮಳೆ ನೀರು ಒಳಗಿಳಿದು ಒಳಗಿಂದ ತುಕ್ಕು ಹಿಡಿಯುತ್ತೆ.

ವೆಲ್ಡಿಂಗ್ ವಿಷಯ. ಜಿಐ ಮೇಲೆ ನೇರವಾಗಿ ವೆಲ್ಡ್ ಮಾಡಿದ್ರೆ ಸತುವಿನ ಹೊಗೆ ಬರುತ್ತೆ, ಕುಡಿದ್ರೆ ಜ್ವರ ಬರುತ್ತೆ. ಜಾಯಿಂಟ್ ಜಾಗ ಮೊದಲು ಗ್ರೈಂಡ್ ಮಾಡಿ, ಬಯಲಲ್ಲಿ ಮಾಡ್ಲಿ. ಅಷ್ಟಾದ್ಮೇಲೆ ಆ ಜಾಗದಲ್ಲಿ ಸತು ಹೋಗಿರುತ್ತೆ, ಜಿಂಕ್ ಪೇಂಟ್ ಎರಡು ಕೋಟ್ ಹೊಡೆಸ್ಲೇಬೇಕು. ಮಲೆನಾಡ ಮಳೇಲಿ ತುಕ್ಕು ಶುರುವಾಗೋದೇ ಅಲ್ಲಿಂದ.

ಗುಂಡಿ 1 ಅಡಿ ಅಗಲ, 1 ಅಡಿ ಉದ್ದ, ಎರಡೂವರೆ ಅಡಿ ಆಳ. ತಳಕ್ಕೆ 3 ಇಂಚು ಜಲ್ಲಿ, ಅದರ ಮೇಲೆ ಪೈಪ್. ಒಂದು ಬಾಂಡ್ಲಿ ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ. ನಾಲ್ಕು ಗುಂಡಿಗೂ ಸೇರಿ 2 ಮೂಟೆ ಸಿಮೆಂಟ್ ತಂದ್ರೆ ಸ್ವಲ್ಪ ಉಳಿಯುತ್ತೆ. ಕಾಂಕ್ರೀಟನ್ನ ನೆಲಕ್ಕಿಂತ 3 ಇಂಚು ಕೆಳಗೇ ನಿಲ್ಸು, ಮೇಲೆ ಮಣ್ಣು ಮುಚ್ಚು, ಬಿದ್ದಾಗ ಮಂಡಿಗೆ ತಾಗಬಾರದು. ಕಾಂಕ್ರೀಟ್ ಹಾಕೋ ಮುಂಚೆನೇ ಪೈಪಿಗೆ, ಕಾಂಕ್ರೀಟ್ ನಿಲ್ಲೋ ಮಟ್ಟದಿಂದ ಮೇಲೊಂದು ಕೆಳಗೊಂದು ಗೇಣು ಡಾಂಬರ್ ಪೇಂಟ್ ಬಳಿ. ಒಂದು ವಾರ ನೀರು ಹಾಕು. ಅಲ್ಲಿವರೆಗೂ ಉಯ್ಯಾಲೆ ಕಟ್ಟಲೇಬೇಡ, ಕಟ್ಟಿದ್ರೆ ಕೂರ್ತಾರೆ.

ಕೊಂಡಿ ಬಗ್ಗೆ ಜಿಪುಣತನ ಮಾಡ್ಬೇಡ. ಬೇರಿಂಗ್ ಇರೋ ಉಯ್ಯಾಲೆ ಕೊಂಡಿ ತಗೊ. ಎಸ್ ಆಕಾರದ್ದು ಬೇಡ, ಬಾಯಿ ತೆರ್ಕೊಳ್ಳುತ್ತೆ, ಬಟ್ಟೆ ಸಿಕ್ಕಿಕೊಳ್ಳುತ್ತೆ. ಡಿ ಶ್ಯಾಕಲ್, ಅಂದ್ರೆ ಬಾಯಿಗೆ ಪಿನ್ ಇರೋ ಡಿ ಆಕಾರದ ಕೊಂಡಿ, ಹಾಕಿ ಪಿನ್ ಬಿಗಿದು ತಂತಿ ಸುತ್ಸು. ಎರಡು ಕೊಂಡಿ ಮಧ್ಯೆ 20 ಇಂಚು, ಸೀಟಿಗಿಂತ ಅಗಲ ಇರಲಿ, ಅಡ್ಡಾದಿಡ್ಡಿ ತಿರುಗಲ್ಲ. ಸರಪಳಿ 6 ಎಂಎಂ. ಬೆರಳು ಸಿಕ್ಕದ ಹಾಗೆ ಹಿಡಿಯೋ ಎತ್ತರಕ್ಕೆ ತೋಟದ ನೀರಿನ ಪೈಪ್ ತುಂಡು ತೂರ್ಸು. ಬೋಲ್ಟಿಗೆಲ್ಲ ತಾನಾಗೇ ಸಡಿಲ ಆಗದ ನೈಲಾಕ್ ನಟ್, ಚೂಪು ತುದಿ ಹೊರಗೆ ಬರಬಾರದು.

ಈ ವಯಸ್ಸಿಗೆ ಸುತ್ತಲೂ ಹಿಡಿಯೋ ಬಕೆಟ್ ಸೀಟೇ ಸರಿ, ಅಡಿಭಾಗ ನೆಲದಿಂದ 2 ಅಡಿ. ಹಳೇ ಟೈರ್ ಕಟ್ತೀನಿ ಅಂದ್ರೆ ಒಳಗೆ ನೀರು ನಿಲ್ಲದ ಹಾಗೆ ಕೆಳಗೆ ನಾಲ್ಕು ತೂತು ಹೊಡಿ, ಸೊಳ್ಳೆ ಮರಿ ಮಾಡುತ್ತೆ. ರೇಡಿಯಲ್ ಟೈರಲ್ಲಿ ಒಳಗಿನ ತಂತಿ ಆಚೆ ಬಂದಿದ್ರೆ ಬಿಟ್ಟುಬಿಡು.

ಈಗ ಎಲ್ರೂ ಮರೆಯೋದು, ಜಾಗ. ಬಕೆಟ್ ಸೀಟಿಗೆ ಸರಪಳಿ ಉದ್ದದ ಎರಡರಷ್ಟು ಮುಂದೆ, ಅಷ್ಟೇ ಹಿಂದೆ ಖಾಲಿ ಬೇಕು. ನಿನ್ನದು 5 ಅಡಿ, ಅಂದ್ರೆ ಮುಂದೆ 10, ಹಿಂದೆ 10. ಪಾಪು ಸ್ವಲ್ಪ ಬೆಳೆದ್ಮೇಲೆ ಸಾದಾ ಹಲಗೆ ಹಾಕಿದಾಗ ಅಡ್ಡಪೈಪ್ ಎತ್ತರದ ಎರಡರಷ್ಟು, 14 ಮತ್ತೆ 14. ಈಗ್ಲೇ ಆ ಜಾಗ ಬಿಟ್ಟುಕೊಂಡು ನಿಲ್ಸು. ಬಟ್ಟೆ ಒಣಗಿಸೋ ತಂತಿ, ಬಾವಿ ಕಟ್ಟೆ, ಕಾಂಪೌಂಡ್, ಮನೆಗೆ ಬರೋ ಕರೆಂಟ್ ವೈರ್, ಯಾವುದೂ ಅದರೊಳಗೆ ಬರಬಾರದು. ತೆಂಗಿನ ಕೆಳಗಂತೂ ಬೇಡವೇ ಬೇಡ, ಹಲಸಿನ ಕೆಳಗೂ ಅಷ್ಟೇ.

ಹುಲ್ಲಿದೆಯಲ್ಲ ಅನ್ಬೇಡ, ಮಾರ್ಚಲ್ಲಿ ಆ ಹುಲ್ಲಿನ ಕೆಳಗಿನ ಮಣ್ಣು ಕಲ್ಲಾಗಿರುತ್ತೆ. ಬಿದ್ರೆ ಪೆಟ್ಟು ಕಮ್ಮಿ ಆಗಕ್ಕೆ ಉಯ್ಯಾಲೆ ಕೆಳಗೆ 9 ಇಂಚು ಮರಳು ಬೇಕು. 20 ಅಡಿ ಉದ್ದ 8 ಅಡಿ ಅಗಲಕ್ಕೆ 120 ಘನ ಅಡಿ ಆಗುತ್ತೆ. ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್ ಬೇಡ, ಒದ್ದೆಯಾಗಿ ತುಳಿದ್ರೆ ಗಾರೆ ತರ ಕಚ್ಕೊಳ್ಳುತ್ತೆ. ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತೆ ನಿಜ, ಒಂದು ಮಳೆಗಾಲದಲ್ಲಿ ಗೊಬ್ಬರ ಆಗುತ್ತೆ. ಮರಳಿನ ಗುಂಡಿ ತಗ್ಗಿನ ಕಡೆಗೆ ಒಂದು ಸಣ್ಣ ಕಾಲುವೆ ತೆಗಿ, ಇಲ್ಲ ಅಂದ್ರೆ ಜುಲೈಲಿ ಅದೇ ಕೆರೆ. ಅಂಚಿಗೆ ಇಟ್ಟಿಗೆ, ಸೈಜುಗಲ್ಲು ಜೋಡಿಸಬೇಡ. ರಾತ್ರಿ ಟಾರ್ಪಾಲ್ ಮುಚ್ಚು, ಬೆಕ್ಕು ಬರುತ್ತೆ.

ಜಾರುಬಂಡೆ ಸುಲಭ. ಅಟ್ಟ 3 ಅಡಿ ಎತ್ತರ, ಜಾರೋ ಹಲಗೆ 6 ಅಡಿ. ಎತ್ತರದ ಎರಡರಷ್ಟು ಉದ್ದ ಇಟ್ರೆ ಇಳಿಜಾರು ಹದವಾಗಿರುತ್ತೆ. ಕೊನೇಲಿ 1 ಅಡಿ ಸಪಾಟು. ಫೈಬರ್ದು ರೆಡಿ ಸಿಗುತ್ತೆ, ತಗಡಿನದು ಬಿಸಿಲಿಗೆ ತೊಡೆ ಸುಡುತ್ತೆ. ಅಟ್ಟದ ಕಟಕಟೆ ಪಟ್ಟಿಗಳ ಸಂದು ಮೂರೂವರೆ ಇಂಚಿಗಿಂತ ಕಮ್ಮಿ ಇರಲಿ. ಅದಕ್ಕಿಂತ ಜಾಸ್ತಿ, 9 ಇಂಚಿಗಿಂತ ಕಮ್ಮಿ ಇದ್ರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತೆ. ಮೆಟ್ಟಿಲ ಹಿಂಭಾಗಕ್ಕೂ ಹಲಗೆ ಹೊಡೆಸಿ ಮುಚ್ಚು. ಮೇಲ್ಗಡೆಗೆ ಹಲಸಿನ ಹಲಗೆ ಹಾಕಿಸು, ನಿನ್ ಸಿಲ್ವರ್ ಓಕೂ ಬೇಕಾದ್ರೆ ಅಲ್ಲಿ ಬಣ್ಣ ಹೊಡೆದು ಬಳಸ್ಕೊ, ನೆಲಕ್ಕೆ ತಾಗದಿದ್ರೆ ಸರಿ. ಆಡುವಾಗ ಕೊರಳಿಗೆ ದಾರ, ಟೋಪಿ ಲಾಡಿ ಇರೋ ಅಂಗಿ ಬೇಡ.

ಖರ್ಚು ಉಳಿಸಬೇಕು ಅಂದ್ರೆ ಮೇಲಿನ ಬಣ್ಣದ ಚಾವಣಿ ಬಿಡು, ಕೊಂಡಿ ಮತ್ತೆ ಮರಳಲ್ಲಿ ಉಳಿಸಬೇಡ. ತಿಂಗಳಿಗೊಂದ್ಸಲ ಕೊಂಡಿ ಸವೆದಿದೆಯಾ ನೋಡು, ಮರಳು ಕೆದಕಿ ಸಡಿಲ ಮಾಡು. ಈಗ ಹಿತ್ತಲಿಗೆ ಹೋಗಿ ಟೇಪ್ ಹಿಡಿದು ಬಾವಿ ಕಟ್ಟೆಯಿಂದ ಕಾಂಪೌಂಡ್‌ವರೆಗೂ ಎಷ್ಟಡಿ ಅಂತ ಕಳ್ಸು, ಉಯ್ಯಾಲೆ ಯಾವ ಕಡೆ ಮುಖ ಮಾಡ್ಬೇಕು ಅಂತ ಅದನ್ನ ನೋಡಿ ಹೇಳ್ತೀನಿ.