ಹಿಂಡಿ ಹಾಕದೆ ಬರೀ ಬ್ಯಾಣದ ಹುಲ್ಲಲ್ಲಿ ಮಲೆನಾಡು ಗಿಡ್ಡ ಸಾಕಿದ್ರೆ ಲೆಕ್ಕ ಕೂಡುತ್ತಾ?

ಹೊಸನಗರ_ತೋಟ:
ಎಲ್ರಿಗೂ ನಮಸ್ಕಾರ. ನಮ್ದು ಎರಡು ಎಕರೆ ಅಡಿಕೆ, ಮನೆ ಹಿಂದೆ ಮೂರು ಎಕರೆ ಬ್ಯಾಣ, ಅಂದ್ರೆ ದನ ಮೇಯೋ ಹುಲ್ಲಿನ ಜಾಗ. ಮುಂಚೆ ಎರಡು ಎಚ್‌ಎಫ್ (ಜಾಸ್ತಿ ಹಾಲು ಕೊಡೋ ವಿದೇಶಿ ತಳಿ) ಹಸು ಇತ್ತು, ಡೈರಿಗೆ ಹಾಲು ಹಾಕ್ತಿದ್ವಿ, ಹಿಂಡಿ ರೇಟು ಏರ್ತಾ ಏರ್ತಾ ಹಾಲಿನ ದುಡ್ಡೆಲ್ಲ ಹಿಂಡಿ ಅಂಗಡಿಗೇ ಹೋಗೋಕೆ ಶುರುವಾಯ್ತು, ಮೇಲಿಂದ ಒಂದಕ್ಕೆ ಕೆಚ್ಚಲು ಬಾವು, ಕೊನೆಗೆ ಎರಡನ್ನೂ ಕೊಟ್ಬಿಟ್ವಿ. ಈಗ ಕೊಟ್ಟಿಗೇಲಿ ಇರೋದು ಅಜ್ಜನ ಕಾಲದಿಂದ ಬಂದ ಮೂರು ಗಿಡ್ಡ (ಮಲೆನಾಡಿನ ಸಣ್ಣ ನಾಟಿ ದನ) ಮಾತ್ರ. ಅಮೆರಿಕ, ಆಸ್ಟ್ರೇಲಿಯಾ ಕಡೆ ಮಾಂಸಕ್ಕೆ ದನ ಸಾಕೋರಲ್ಲಿ ಕೆಲವರು ಕಾಳು ಹಾಕದೆ ಬರೀ ಹುಲ್ಲಲ್ಲೇ ಬೆಳೆಸ್ತಾರಂತೆ, ಕರೆಂಟ್ ಬೇಲಿ ಎಳೆದು ದಿನಾ ಜಾಗ ಬದಲಿಸಿ ಮೇಯಿಸ್ತಾರೆ, ಖರ್ಚು ಇಳಿಸಿದ್ದೇ ಲಾಭ ಅಂತಾರೆ. ಆ ವ್ಯಾಪಾರ ನಮಗೆ ಬೇಡ, ನಮ್ಮಲ್ಲಿ ಕಾನೂನೂ ಬಿಡಲ್ಲ, ಆದ್ರೆ ಮೇಯಿಸೋ ಕ್ರಮ ನಮ್ಮ ಬ್ಯಾಣಕ್ಕೆ ಆಗುತ್ತಾ? ಗಿಡ್ಡ ಹತ್ತು ಮಾಡ್ಬೇಕು ಅಂತಿದೀನಿ.

ತೀರ್ಥಹಳ್ಳಿ_ಹಳಬ:
ತಮ್ಮಾ, ದನ ಎಣಿಸೋಕೆ ಮುಂಚೆ ಹುಲ್ಲು ಎಣ್ಸು. ನೂರು ಕೆಜಿ ತೂಕದ ಗಿಡ್ಡಕ್ಕೆ ದಿನಕ್ಕೆ ಎರಡೂವರೆಯಿಂದ ಮೂರು ಕೆಜಿ ಒಣ ಲೆಕ್ಕದ ಮೇವು ಬೇಕು, ಅಂದ್ರೆ ವರ್ಷಕ್ಕೆ ಹತ್ರ ಹತ್ರ ಒಂದು ಟನ್. ಹತ್ತಕ್ಕೆ ಹತ್ತು ಟನ್, ಮೂರು ಎಕರೆ ಬ್ಯಾಣ ಅಷ್ಟು ಕೊಡಲ್ಲ. ಗದ್ದೆ ಹುಲ್ಲು ಸ್ವಲ್ಪ ಸೇರಿಸಿ ಐದಕ್ಕೆ ನಿಲ್ಲಿಸು.

ಜಾಗ ಬದಲಿಸೋದು ಮಾತ್ರ ಖಂಡಿತ ಮಾಡು. ನಾನು ನಮ್ಮ ಬ್ಯಾಣನ ಆರು ತುಂಡು ಮಾಡಿ ಒಂದೆಳೆ ಐಬೆಕ್ಸ್ (ಕರೆಂಟ್ ಬೇಲಿ) ತಂತಿ ಎಳೆದಿದೀನಿ. ಹುಲ್ಲು ಅರ್ಧ ಮೇದ ಕೂಡ್ಲೆ ಪಕ್ಕದ ತುಂಡಿಗೆ ಎಬ್ತೀನಿ, ಬುಡಮಟ್ಟ ಕೆರೆಯೋಕೆ ಬಿಡಲ್ಲ, ಮಳೆಗಾಲದಲ್ಲಿ ಇಪ್ಪತ್ತೈದು ಮೂವತ್ತು ದಿನ ಬಿಟ್ಟು ಬಂದ್ರೆ ಮತ್ತೆ ಮೊಣಕಾಲುದ್ದ ಬಂದಿರುತ್ತೆ. ಆಷಾಢದ ಜಡಿಮಳೇಲಿ ಇಳಿಜಾರಿಗೆ ಮಾತ್ರ ಬಿಡಬೇಡ, ಗೊರಸು ಹೂತು ಹುಲ್ಲಿನ ಬುಡ ಕಿತ್ತು ಬರುತ್ತೆ, ಆಮೇಲೆ ಆ ಜಾಗಕ್ಕೆ ಯುಪಟೋರಿಯಂ ಕಳೆ ಬಂದು ಕೂರುತ್ತೆ, ನಂಗೆ ಎರಡು ವರ್ಷ ಹಿಡೀತು ಅದನ್ನ ಕೀಳೋಕೆ. ಎರಡು ತುಂಡು ಮೇಯಿಸದೆ ಉಳಿಸು, ದೀಪಾವಳಿ ಕಳೆದು ಬಿಸಿಲು ಬಿದ್ಮೇಲೆ ಹುಲ್ಲು ತೀರಾ ಬಲಿಯೋಕೆ ಮುಂಚೆ ಕೊಯ್ದು ಒಣಗಿಸಿ ಕರಡ (ಒಣ ಹುಲ್ಲು) ಮಾಡ್ಕೋ. ಜನವರಿಗೆ ಕೊಯ್ದ್ರೆ ಅದು ಬರೀ ಕಡ್ಡಿ, ದನ ಹೊಟ್ಟೆ ತುಂಬ ತಿಂದ್ರೂ ಬೆನ್ನು ಮೂಳೆ ಕಾಣುತ್ತೆ. ಹಸು ಮಳೆ ಶುರುವಿಗೆ ಕರು ಹಾಕೋ ಹಾಗೆ ಹೋರಿ ಬಿಡು, ಹಾಲು ಕೊಡೋ ದಿನ ಹಸಿ ಹುಲ್ಲಿದ್ರೆ ಹಿಂಡಿ ನೆನಪೇ ಆಗಲ್ಲ. ಉಪ್ಪು, ಖನಿಜ ಮಿಶ್ರಣ ಇಷ್ಟಕ್ಕೆ ಮಾತ್ರ ಜಿಪುಣತನ ಮಾಡ್ಬೇಡ.

ಸಾಗರದ_ಸೊಪ್ಪಿನಬೆಟ್ಟ:
ಹಾಲಲ್ಲಿ ಲಾಭ ಹುಡುಕಿದ್ರೆ ಬೇಜಾರಾಗುತ್ತೆ ಮಾರಾಯ್ರೆ, ಗಿಡ್ಡ ದಿನಕ್ಕೆ ಕೊಡೋದೇ ಒಂದು ಲೀಟರ್ ಆಸುಪಾಸು. ದುಡ್ಡು ಇರೋದು ಗೊಬ್ಬರದಲ್ಲಿ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆಜಿ ಗೊಬ್ಬರ, 12 ಕೆಜಿ ಹಸಿರು ಸೊಪ್ಪು ಅಂತ ಶಿಫಾರಸು ಇದೆ. ಒಂಬತ್ತಡಿ ಅಂತರದಲ್ಲಿ ಎಕರೆಗೆ 550 ಮರ ಅಂದ್ರೆ ಆರೂವರೆ ಟನ್ ಗೊಬ್ಬರ, ನಿಮ್ಮ ಎರಡೆಕರೆಗೆ ಹದಿಮೂರು. ಇಷ್ಟನ್ನ ಲಾರಿಯಲ್ಲಿ ತರಿಸಿದ್ರೆ ಎಷ್ಟಾಗುತ್ತೆ ನೋಡಿ! ಹಗಲು ಹಾಕಿದ ಸಗಣಿ ಬ್ಯಾಣಕ್ಕೇ ಹೋಗುತ್ತೆ, ಹೋಗ್ಲಿ, ಹುಲ್ಲಿಗೂ ಬೇಕಲ್ಲ. ರಾತ್ರಿದು ಕೊಟ್ಟಿಗೇಲಿ ಬೀಳುತ್ತೆ, ದಿನಾ ಸೊಪ್ಪು, ದರಕು (ಒಣ ಎಲೆ) ಹಾಸಿ ತುಳಿಸಿದ್ರೆ ಗಂಜಲ ಒಂದು ಹನಿ ದಂಡ ಆಗಲ್ಲ. ಕಾಂಕ್ರೀಟ್ ಮೇಲೆ ಪೈಪಲ್ಲಿ ನೀರು ಬಿಟ್ಟು ತೊಳೆಯೋರ ಮನೇಲಿ ಅರ್ಧ ಗೊಬ್ಬರ ಚರಂಡಿಗೆ ಹೋಗುತ್ತೆ, ಅದನ್ನ ನೋಡಿದ್ರೆ ನಂಗೆ ಸಂಕಟ ಆಗುತ್ತೆ.

ಸೊರಬದ_ಅಕ್ಕ:
ದನನ ಕಾಡಿಗೆ ಎಬ್ಬೋರು ಉಣುಗಿನ (ಉಣ್ಣೆ ಹುಳ) ವಿಷ್ಯ ಮರೀಬೇಡಿ. ಉಣುಗಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದ್ಲು ಸಿಕ್ಕಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ದನಕ್ಕೆ ಆ ಕಾಯಿಲೆ ಬರಲ್ಲ, ಆದ್ರೆ ದೊಡ್ಡ ಉಣುಗು ರಕ್ತ ಕುಡಿದು ಬಲಿಯೋದು ದನದ ಮೈಮೇಲೆ, ಅದರ ಮರಿಗಳು ನಮ್ಮನ್ನ ಕಚ್ಚೋದು. ನಮ್ಮ ಮನೇಲಿ ದನ ಕಾಯೋಕೆ ಹೋದ ಚಿಕ್ಕಪ್ಪಂಗೆ ಬಂದು ಹನ್ನೆರಡು ದಿನ ಮಲಗಿದ್ರು, ಆ ಭಯ ಇನ್ನೂ ಹೋಗಿಲ್ಲ. ಡಿಸೆಂಬರ್‌ನಿಂದ ಮೇ ತನಕ ನಮ್ಮ ದನ ಬ್ಯಾಣ ದಾಟಲ್ಲ. ಹೋಗಲೇಬೇಕಾದ್ರೆ ಉಣುಗು ಹತ್ತದ ಹಾಗೆ ಮೈಗೆ ಡೆಪಾ ಎಣ್ಣೆ ಹಚ್ಕೊಂಡು ಹೋಗಿ, ಬಂದ ಕೂಡ್ಲೆ ಬಿಸಿನೀರಲ್ಲಿ ಮೈ ತೊಳೀರಿ, ದನದ ಕಿವಿ, ಬಾಲದ ಬುಡ ನೋಡಿ. ಕಾಲುಬಾಯಿ ಲಸಿಕೆ ಗಿಡ್ಡಕ್ಕೆ ಬೇಡ ಅಂತ ಬಿಡೋರಿದಾರೆ, ಬಿಡಬೇಡಿ.

ಹೊಸನಗರ_ತೋಟ:
ಅಕ್ಕಾ, ಇದು ನಂಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಇನ್ನೊಂದು, ಹೋರಿಗರು ಏನ್ಮಾಡ್ತೀರಾ? ನಮ್ಮಲ್ಲಿ ಕಳೆದ ಸಲ ಎರಡೂ ಗಂಡೇ.

ತೀರ್ಥಹಳ್ಳಿ_ಹಳಬ:
ಕಷ್ಟದ ಪ್ರಶ್ನೆ ಅದು. ಹೊರಗಿನೋರ ಲೆಕ್ಕದಲ್ಲಿ ಗಂಡುಕರುವೇ ಆದಾಯ, ನಮ್ಮಲ್ಲಿ ಅದು ಸಾಯೋ ತನಕ ಹುಲ್ಲು ತಿನ್ನೋ ಬಾಯಿ, ಅದನ್ನ ಮೊದ್ಲೇ ಲೆಕ್ಕಕ್ಕೆ ಹಿಡೀಬೇಕು. ಹತ್ತು ಬೇಡ ಅಂದಿದ್ದು ಅದಕ್ಕೂ ಸೇರಿ. ಒಂದು ಒಳ್ಳೆ ಹೋರಿ ಊರಿಗೆಲ್ಲ ಇಟ್ಕೊಳ್ಳಿ, ಗಿಡ್ಡಕ್ಕೆ ಗಬ್ಬ ಕಟ್ಟಿಸೋಕೆ ಅಂತ ಜರ್ಸಿ ಇಂಜೆಕ್ಷನ್ ಕೊಡಿಸೋಕೆ ಹೋಗ್ಬೇಡಿ, ಕರು ದೊಡ್ಡದಾಗಿ ಹೆರೋಕೆ ಒದ್ದಾಡುತ್ತೆ. ಉಳಿದ ಗಂಡಿಗೆ ಬೀಜ ಒಡೆಸಿ ಗೊಬ್ಬರಕ್ಕೆ ಅಂತ್ಲೇ ಇಟ್ಟಿದೀನಿ ನಾನು.

ಹೊಸನಗರ_ತೋಟ:
ಸರಿ ಅಣ್ಣ, ಐದಕ್ಕೇ ನಿಲ್ಲಿಸ್ತೀನಿ. ಈ ವರ್ಷ ನಾಲ್ಕು ತುಂಡು ಮಾಡಿ ನೋಡ್ತೀನಿ. ಗಿಡ್ಡ ಒಂದೆಳೆ ತಂತಿ ಕೆಳಗೆ ನುಸುಳಲ್ವಾ, ನೆಲದಿಂದ ಎಷ್ಟಡಿ ಎತ್ತರಕ್ಕೆ ಕಟ್ಟಿದೀರಾ?

ತೀರ್ಥಹಳ್ಳಿ_ಹಳಬ:
ಎರಡಡಿ. ಕರು ನುಸುಳುತ್ತೆ, ತಾಯಿ ಈಚೆ ಇದ್ರೆ ವಾಪಸ್ ಬರುತ್ತೆ.