ಸಹಾಯ ಬೇಕು: ಶಾಲೆ ಇದ್ದ ದಿನ ಮಾತ್ರ ಬರುವ ಹೊಟ್ಟೆನೋವು

ನಮಸ್ಕಾರ. ನಾವು ಕುಮಟಾದವರು. ಮಗ ಆರನೇ ಕ್ಲಾಸು. ಎರಡು ತಿಂಗಳಿಂದ ಬೆಳಿಗ್ಗೆ ಏಳೂವರೆ ಆಯ್ತೆಂದರೆ ಹೊಕ್ಕಳ ಸುತ್ತ ನೋವು ಅಂತ ಮುದುಡಿ ಕೂರುತ್ತಾನೆ. ಭಾನುವಾರ ಏನೂ ಇಲ್ಲ, ನಾಲ್ಕು ತೆಳ್ಳೇವು ತಿಂದು ಆಡಲು ಓಡುತ್ತಾನೆ.

ನಮ್ಮ ಮಾವನವರು ಹೊಟ್ಟೆಯ ಕ್ಯಾನ್ಸರಿನಿಂದ ಹೋದವರು. ನನಗೆ ಮೊದಲು ಹೆದರಿಕೆ ಆಗಿದ್ದೇ ಅದರದ್ದು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಮಕ್ಕಳಲ್ಲಿ ಆ ಕ್ಯಾನ್ಸರ್ ತೀರಾ ಅಪರೂಪ ಅಂದರು ಡಾಕ್ಟರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ ಒಂದು ಬ್ಯಾಕ್ಟೀರಿಯಾ ಇದೆಯಲ್ಲ, 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವಂಥದ್ದು ಎಂದಿತ್ತು. ಅದನ್ನೂ ಕೇಳಿದೆ. ಇಂಥ ನೋವಿಗೆ ಸುಮ್ನೆ ಆ ಟೆಸ್ಟ್ ಬೇಡ ಎಂದರು. "ಶಾಲೆಯಲ್ಲಿ ಯಾರಾದರೂ ಕಾಡ್ತಾರಾ ಕೇಳಿ" ಎಂದರು. ಬೇರೆ ಮಕ್ಕಳ ಕಾಟ ಇರುವವರಿಗೆ ಹೊಟ್ಟೆನೋವು, ತಲೆನೋವು ಜಾಸ್ತಿ ಅಂತ ಹಲವು ದೇಶಗಳ ಸಂಶೋಧನೆಯಲ್ಲಿ ಕಂಡಿದೆಯಂತೆ. ನೋವು ನಾಟಕ ಅಲ್ಲ, ನಿಜವಾಗಿಯೂ ಬರುತ್ತದೆ.

ಮೊನ್ನೆ ಅವನ ಚೀಲ ತೊಳೆಯಲು ತೆಗೆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾರದ್ದೋ ಅಕ್ಷರ: 'ಗ್ಯಾಸ್ ಸಿಲಿಂಡರ್'. ಸ್ವಲ್ಪ ದಪ್ಪ ಇದ್ದಾನೆ, ಅಷ್ಟೇ. ಡಬ್ಬಿ ಮುಟ್ಟದೆ ವಾಪಸ್ ಬರುತ್ತಿತ್ತು. ಪಲ್ಯ ಸೇರಲಿಲ್ಲ ಅಂದ್ಕೊಂಡಿದ್ದೆ ನಾನು!

ಕುಮಟಾ, ಹೊನ್ನಾವರ, ಶಿರಸಿ ಕಡೆ ಮಕ್ಕಳ ಜೊತೆ ನಿಧಾನವಾಗಿ ಮಾತಾಡುವ ಕೌನ್ಸೆಲರ್ ಗೊತ್ತಿದ್ದರೆ ತಿಳಿಸಿ. ಟೀಚರ್ ಹತ್ರ ಹೇಳಿದರೆ ಇನ್ನೂ ಕಾಡ್ತಾರೆ ಅಂತ ಮಗ ಅಳುತ್ತಾನೆ. ಇದನ್ನು ಅನುಭವಿಸಿದ ಅಪ್ಪ ಅಮ್ಮಂದಿರು ಶಾಲೆಯಲ್ಲಿ ಮಾತು ಹೇಗೆ ಶುರು ಮಾಡಿದಿರಿ? ಮಕ್ಕಳ ಸಹಾಯವಾಣಿ 1098ಕ್ಕೋ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೋ ಫೋನ್ ಮಾಡಿದವರಿದ್ದರೂ ಹೇಳಿ. ಶಾಲೆಯ ಹೆಸರು ಮಾತ್ರ ಕೇಳಬೇಡಿ.