ಎಬಿಎಸ್ ಬಾಕ್ಸ್: ಗೋಡೆ ದಪ್ಪ ಇದ್ರೆ ಗಟ್ಟಿ ಅಲ್ವಾ?

ಪ್ರಶ್ನೆ: ಸರ್, ಸರ್ಕ್ಯೂಟ್ ಬೋರ್ಡ್ ಕೂರ್ಸೋಕೆ ಒಂದು ಎಬಿಎಸ್ (ಗಟ್ಟಿ ಪ್ಲಾಸ್ಟಿಕ್) ಬಾಕ್ಸ್ ಡಿಸೈನ್ ಮಾಡಿದೀನಿ. 3ಡಿ ಪ್ರಿಂಟಲ್ಲಿ ಚೆನ್ನಾಗೇ ಬಂತು. ಗಟ್ಟಿ ಇರ್ಲಿ ಅಂತ ಗೋಡೆ 4 ಮಿಮೀ, ಗೋಡೆಗೆ ಆಸರೆ ಕೊಡೋ ಪಟ್ಟಿ, ಅಂದ್ರೆ ರಿಬ್ಬೂ 4 ಮಿಮೀ ಇಟ್ಟಿದೀನಿ. ಈಗ ಮೋಲ್ಡ್ (ಕರಗಿದ ಪ್ಲಾಸ್ಟಿಕ್ ತುಂಬೋ ಸ್ಟೀಲ್ ಅಚ್ಚು) ಮಾಡೋರು ಸಿಂಕ್ ಮಾರ್ಕ್ (ಮೇಲ್ಮೈ ತಗ್ಗು) ಬರತ್ತೆ, ಸೈಕಲ್ ಟೈಮ್ (ಒಂದ್ಸಲ ಅಚ್ಚು ಹಾಕೋಕೆ ಹಿಡಿಯೋ ಹೊತ್ತು) ಜಾಸ್ತಿ, ಡ್ರಾಫ್ಟ್ (ಅಚ್ಚಿಂದ ಸಲೀಸಾಗಿ ಬಿಡ್ಲಿ ಅಂತ ಗೋಡೆಗೆ ಕೊಡೋ ಓರೆ) ಇಲ್ಲ, ಕ್ಲಿಪ್‌ಗೆ ಸ್ಲೈಡರ್ (ಅಚ್ಚಲ್ಲಿ ಪಕ್ಕಕ್ಕೆ ಸರಿಯೋ ತುಂಡು) ಬೇಕು ಅಂತ ಉದ್ದ ಪಟ್ಟಿ ಕಳಿಸಿದಾರೆ. ರೇಟ್ ಏರ್ಸೋಕೆ ಹೇಳ್ತಿದಾರಾ ಅಥ್ವಾ ನಿಜಾನಾ?

ಉತ್ತರ: ನಿಜಾನೇ ಹೇಳ್ತಿದಾರೆ. ಪ್ರಿಂಟರ್‌ಗೆ ಭಾಗನ ಅಚ್ಚಿಂದ ಬಿಡಿಸ್ಕೊಳ್ಳೋ ತಾಪತ್ರಯ ಇಲ್ವಲ್ಲ, ಅದಕ್ಕೇ ಅದು ಏನ್ ಕೊಟ್ರೂ ಮಾಡತ್ತೆ.

ಮೊದ್ಲು ದಪ್ಪದ ವಿಷ್ಯ. ಸೈಕಲ್‌ನಲ್ಲಿ ಹೆಚ್ಚಿನ ಹೊತ್ತು ಹೋಗೋದು ತಣ್ಣಗಾಗೋದಕ್ಕೆ, ಆ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರತ್ತೆ, ಅಂದ್ರೆ ದಪ್ಪ ಎರಡು ಪಟ್ಟಾದ್ರೆ ಕಾಯೋದು ಹತ್ರತ್ರ ನಾಲ್ಕು ಪಟ್ಟು. 4 ಮಿಮೀ ಬಿಟ್ಟು 2.5ಕ್ಕೆ ಇಳೀರಿ, ತಣಿಯೋ ಹೊತ್ತು ಅರ್ಧಕ್ಕಿಂತ ಕಮ್ಮಿ ಆಗತ್ತೆ, ಪ್ಲಾಸ್ಟಿಕ್ಕೂ ಉಳಿಯತ್ತೆ. ಗಟ್ಟಿತನ ರಿಬ್ಬಿಂದ ತಗೊಳ್ಳಿ, ಆದ್ರೆ ರಿಬ್ ದಪ್ಪ ಗೋಡೆಯ 50–60% ಅಷ್ಟೇ, ನಿಮಗೆ 1.25ರಿಂದ 1.5 ಮಿಮೀ. ಎತ್ತರ ಗೋಡೆ ದಪ್ಪದ ಮೂರು ಪಟ್ಟು ದಾಟ್ಬೇಡಿ, ಸಾಲದಿದ್ರೆ ಇನ್ನೊಂದು ರಿಬ್ ಹಾಕಿ. ಈಗ ಗೋಡೆ-ರಿಬ್ ಸೇರೋ ಕಡೆ ಪ್ಲಾಸ್ಟಿಕ್ ಗಡ್ಡೆ ಕಟ್ಟಿದೆ, ಒಳಗೆ ನಿಧಾನ ತಣ್ಣಗಾಗಿ ಕುಗ್ತಾ ಮೇಲ್ಮೈನ ಒಳಕ್ಕೆ ಎಳ್ಕೊಳತ್ತೆ, ಅದೇ ಸಿಂಕ್. ಸ್ಕ್ರೂ ಕೂರೋ ಕಂಬ, ಅಂದ್ರೆ ಬಾಸ್‌ನ ಮೂಲೆಗೆ ಅಂಟಿಸಿದ್ರೂ ಇದೇ ಗೋಳು, ದೂರ ಇಟ್ಟು ತೆಳು ರಿಬ್ಬಿಂದ ಗೋಡೆಗೆ ಕಟ್ಟಿ. ಒಳಮೂಲೆಗೆ ಗೋಡೆಯ ಅರ್ಧದಷ್ಟು ರೇಡಿಯಸ್ ಕೊಡಿ.

ಪ್ರಶ್ನೆ: ಡ್ರಾಫ್ಟ್ ಎಷ್ಟು ಕೊಡ್ಲಿ ಸರ್? ಹೊರಗೆ ಟೆಕ್ಸ್‌ಚರ್ ಬೇಕು. ಸ್ಲೈಡರ್ ತಪ್ಸೋಕಾಗತ್ತಾ?

ಉತ್ತರ: ನುಣುಪು ಮೇಲ್ಮೈಗೆ 1 ಡಿಗ್ರಿ. ಟೆಕ್ಸ್‌ಚರ್ ಇದ್ರೆ ಅದರ ಆಳ ಪ್ರತಿ 0.025 ಮಿಮೀಗೆ ಇನ್ನೂ 1ರಿಂದ 1.5 ಡಿಗ್ರಿ ಸೇರಿಸಿ, ಇಲ್ದಿದ್ರೆ ಹೊರಗೆ ಬರೋವಾಗ ಉದ್ದಕ್ಕೂ ಗೀರು. 50 ಮಿಮೀ ಎತ್ತರಕ್ಕೆ 1 ಡಿಗ್ರಿ ಅಂದ್ರೆ ಒಂದೊಂದು ಬದೀಲೂ ಸುಮಾರು 0.9 ಮಿಮೀ ಓರೆ, ಬೋರ್ಡ್ ಜಾಗ ಅದಕ್ಕೆ ತಕ್ಕ ಹಾಗೆ ನೋಡ್ಕೊಳ್ಳಿ.

ಸ್ಲೈಡರ್ ಬಹಳ ಸಲ ತಪ್ಪಿಸ್ಬೋದು. ಕ್ಲಿಪ್ಪಿನ ಕೊಕ್ಕೆ ಕೆಳಗೆ ನೇರವಾಗಿ ತಳದಲ್ಲಿ ಒಂದು ಕಿಂಡಿ ಬಿಡಿ, ಆ ಕಿಂಡಿಯಿಂದಲೇ ಮೋಲ್ಡಿನ ಎದುರಿನ ಅರ್ಧದ ಸ್ಟೀಲ್ ಮೇಲಕ್ಕೆ ಬಂದು ಕೊಕ್ಕೆ ತಳನ ಮಾಡತ್ತೆ. ಅಲ್ಲಿ ಸ್ಟೀಲಿಗೆ ಸ್ಟೀಲ್ ತಾಗೋ ಕಡೆ 3 ಡಿಗ್ರಿ ಆದ್ರೂ ಬೇಕು, ಉಜ್ಜಿ ಸವೆದ್ರೆ ಸಂದಿಯಿಂದ ಪ್ಲಾಸ್ಟಿಕ್ ಸೋರೋದು, ಅಂದ್ರೆ ಫ್ಲ್ಯಾಶ್ ಶುರು. ತಳದಲ್ಲಿ ತೂತು ಇರಬಾರ್ದು ಅಂತಿದ್ರೆ ಮಾತ್ರ ಸ್ಲೈಡರ್ ಅಥ್ವಾ ಲಿಫ್ಟರ್ (ಓರೆಯಾಗಿ ಮೇಲೇಳೋ ತುಂಡು).

ಇನ್ನೊಬ್ಬರು: ನಡುವೆ ಬಾಯಿ ಹಾಕ್ತೀನಿ ಸರ್, ನಾವು ಎಬಿಎಸ್ ಮೋಲ್ಡಿಗೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹಾಕಿ ನೋಡಿದ್ವಿ, ಮುಚ್ಚಳ ಕೂರ್ತಾನೇ ಇಲ್ಲ!

ಉತ್ತರ: ಕೂರಲ್ಲ ಬಿಡಿ. ಎಬಿಎಸ್ ಕುಗ್ಗೋದು 0.4–0.7%, ಪಿಪಿ 1–2.5%. 100 ಮಿಮೀ ಉದ್ದಕ್ಕೇ 1 ಮಿಮೀ ಮೇಲೆ ವ್ಯತ್ಯಾಸ ಬರಬೋದು. ಸ್ಟೀಲ್ ಕತ್ತರಿಸೋ ಮುಂಚೆನೇ ಮಟೀರಿಯಲ್ ತೀರ್ಮಾನ ಆಗಿರ್ಬೇಕು.

ಪ್ರಶ್ನೆ: ಕ್ಲಿಪ್ ಎಷ್ಟು ಬಿಗಿ ಇಡ್ಲಿ ಅನ್ನೋದೇ ಗೊತ್ತಾಗ್ತಿಲ್ಲ.

ಉತ್ತರ: ಮೊದ್ಲು ಸ್ವಲ್ಪ ಸಡಿಲ ಇಡಿ, ಕೊಕ್ಕೆ ಚಿಕ್ಕದಿರ್ಲಿ. ಟ್ರಯಲ್ ಆದ್ಮೇಲೆ ಬಿಗಿ ಸಾಲದಿದ್ರೆ ಮೋಲ್ಡಲ್ಲಿ ಸ್ಟೀಲ್ ಇನ್ನೊಂಚೂರು ಕೆತ್ತಿದ್ರಾಯ್ತು, ಕೊಕ್ಕೆ ದೊಡ್ಡದಾಗತ್ತೆ. ಉಲ್ಟಾ ಆದ್ರೆ ಸ್ಟೀಲಿಗೆ ವೆಲ್ಡ್ ಹಾಕಿ ತುಂಬ್ಸಿ ಮತ್ತೆ ಕತ್ತರಿಸ್ಬೇಕು, ಆಗ ಮೋಲ್ಡ್ ಮಾಡೋರು ಇನ್ನೊಂದು ಪಟ್ಟಿ ಕಳಿಸ್ತಾರೆ.